ನಮ್ಮ ಬಾತ್‌ರೂಮಿನ ಬೂಷ್ಟು

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಹಾವು ಬರುತ್ತದೆ, ನಮ್ಮ ಮನೆಗೆ ಬರುವುದು ಗೊಂದಲ. ಒಂದನ್ನು ಕಳುಹಿಸಿಕೊಟ್ಟು ಬಾಗಿಲು ಹಾಕುವಷ್ಟರಲ್ಲಿ ಇನ್ನೊಂದು ಜಗಲಿ ಹತ್ತಿ ಕುಳಿತಿರುತ್ತದೆ. ಹೋದ ಮಳೆಗಾಲದಲ್ಲಿ ಬಂದದ್ದು ಬೂಷ್ಟಿನ ಗೊಂದಲ. ಅದು ಇವತ್ತಿಗೂ ಪೂರ್ತಿ ಬಿಟ್ಟು ಹೋಗಿದೆಯೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ನಾವು ಮೂಡುಬಿದಿರೆಯವರು. ಮನೆಯಲ್ಲಿ ನಾನು, ನನ್ನ ಹೆಂಡತಿ, ನನ್ನ ಅಮ್ಮ. ನನಗೆ ಬೆಳ್ತಂಗಡಿಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತನ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಮ್ಮನಿಗೆ ಮೆಟ್ಟಿಲು ಇಳಿದು ಹಿತ್ತಲಿನ ಬಚ್ಚಲಿಗೆ ಹೋಗುವುದು ಕಷ್ಟವಾದ ಮೇಲೆ ಅದನ್ನು ಕೆಡವಿಸಿ, ಸ್ನಾನಕ್ಕೆಂದೇ ಮನೆಯೊಳಗೆ ಒಂದು ಬಾತ್‌ರೂಮ್ ಕಟ್ಟಿಸಿದೆವು. ಎದೆಯೆತ್ತರದವರೆಗೆ ಟೈಲ್ಸ್, ಅದರ ಮೇಲೆ ಬಿಳಿ ಬಣ್ಣ, ಒಂದು ಗೀಸರ್, ಒಂದು ಸಣ್ಣ ಕಿಟಕಿ. ಕಕ್ಕಸು ಬೇರೆ, ಮನೆಯ ಆಚೆ ಬದಿಗೆ. ಕಟ್ಟಿಸಿದ ಹೊಸತರಲ್ಲಿ ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದೆವು. ಆಮೇಲೆ ಬಾಗಿಲು ಮುಚ್ಚುವ ಕಾಲ ಬಂತು.

ಡೈಯ ಚುಕ್ಕೆ

ಮೊದಲು ಕಂಡದ್ದು ಗೀಸರಿನ ಕೆಳಗೆ, ಸಾಸಿವೆ ಚೆಲ್ಲಿದ ಹಾಗೆ ಒಂದಷ್ಟು ಕಪ್ಪು ಚುಕ್ಕೆ. ಹೆಂಡತಿ ನನ್ನನ್ನು ಕರೆದು ತೋರಿಸಿದಳು.

"ಇದು ಎಂತ?"

"ನನಗೆ ಗೊತ್ತಿಲ್ಲ."

"ನನಗೆ ಗೊತ್ತುಂಟು. ಇದು ನಿಮ್ಮ ತಲೆಯ ಡೈ."

ನಾನು ತಲೆಗೆ ಡೈ ಹಾಕುತ್ತೇನೆ, ಅದು ಹೌದು. ಆದರೆ ಗೋಡೆಗೆ ಹಾಕುವುದಿಲ್ಲ. ಹಾಗೆಂದು ಹೇಳಿದೆ.

"ಬ್ರಷ್ ಕೊಡವುದು ಯಾರು ಮತ್ತೆ? ಅತ್ತೆಯಾ?"

ನನಗೇ ಅನುಮಾನ ಬಂತು. ಕನ್ನಡಿ ಇರುವುದು ಆಚೆ ಗೋಡೆಯಲ್ಲಿ, ಚುಕ್ಕೆ ಇರುವುದು ಈಚೆ ಗೋಡೆಯಲ್ಲಿ. ಅಷ್ಟು ದೂರಕ್ಕೆ ಹಾರಬೇಕಾದರೆ ನಾನು ಬ್ರಷ್ಷನ್ನು ಹೇಗೆ ಕೊಡವುತ್ತಿರಬೇಕು? ಒಂದು ದಿನ ಬರೀ ನೀರಿನಲ್ಲಿ ಅದ್ದಿ ಕೊಡವಿ ನೋಡಿದೆ. ನೀರು ನನ್ನ ಕನ್ನಡಕಕ್ಕೆ ಬಿತ್ತು, ಗೋಡೆಗೆ ಹೋಗಲಿಲ್ಲ. ಇದನ್ನು ಸಾಕ್ಷಿ ಸಮೇತ ಹೇಳಿದರೂ ಅವಳು ನಂಬಲಿಲ್ಲ. "ನೀರು ಬೇರೆ, ಡೈ ಬೇರೆ. ಡೈ ದಪ್ಪ," ಎಂದಳು.

ಕಡೆಗೆ ನಾನು ನಿರ್ಧಾರ ಮಾಡಿದೆ. ಸಾಬೂನಿನ ನೀರಿನಲ್ಲಿ ಗೋಡೆಯನ್ನು ಒರೆಸಿ, ಡೈಯ ಡಬ್ಬಿಯನ್ನು ಅವಳ ಕೈಗೇ ಕೊಟ್ಟು, "ಇನ್ನು ನಾನು ಹಾಕುದಿಲ್ಲ. ಚುಕ್ಕೆ ಬರ್ತದಾ ಇಲ್ಲವಾ ನೋಡುವ," ಎಂದೆ. ಆಫೀಸಿನಲ್ಲಿ ಜನ ನನ್ನ ಮುಖಕ್ಕಿಂತ ಸ್ವಲ್ಪ ಮೇಲೆ ನೋಡಿ ಮಾತಾಡಲು ಶುರು ಮಾಡಿದರು. ಹೆಡ್‌ಮಾಸ್ಟರರು, "ಮನೆಯಲ್ಲಿ ಎಲ್ಲ ಕ್ಷೇಮವಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಆದರೂ ನಾನು ಹಠ ಬಿಡಲಿಲ್ಲ.

ಸತ್ಯ ನನ್ನ ಕಡೆಗೇ ಇತ್ತು. ಗೋಡೆ ಕಪ್ಪಾಗುತ್ತಾ ಹೋಯಿತು, ತಲೆ ಬೆಳ್ಳಗಾಗುತ್ತಾ ಹೋಯಿತು.

ಯಾವ ಭಾಗದಲ್ಲಿ?

ಅದು ಡೈ ಅಲ್ಲ, ಬೂಷ್ಟು ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಹೆಂಡತಿಗೆ ಕೆಮ್ಮು ಹಿಡಿಯಿತು. ಸ್ನಾನ ಮುಗಿಸಿ ಹೊರಗೆ ಬಂದರೆ ಸಾಕು, ಗೋಡೆ ಹಿಡಿದು ನಿಂತು ಕೆಮ್ಮುತ್ತಿದ್ದಳು. ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಉಸಿರಿಗೆ ಸಿಳ್ಳಿನ ಸದ್ದು ಸೇರಿಕೊಳ್ಳುತ್ತಿತ್ತು. ಅವಳು ಬೈಯುವುದು ಕಮ್ಮಿಯಾದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಾವು ಯಾವಾಗಲೂ ತೋರಿಸುವ ಡಾಕ್ಟರು ಎದೆ ಪರೀಕ್ಷೆ ಮಾಡಿ, "ಮನೆಯಲ್ಲಿ ಎಲ್ಲಿಯಾದರೂ ಬೂಷ್ಟು ಉಂಟಾ? ಇದ್ದರೆ ಒಂದು ಫೋಟೋ ತೆಗೆದು ತನ್ನಿ, ನೋಡುವ," ಎಂದಿದ್ದರು. ನಾನು ಗೋಡೆಯ ಹತ್ತಿರದ ಫೋಟೋ ತೆಗೆದು, ಒಬ್ಬನೇ ಕ್ಲಿನಿಕ್ಕಿಗೆ ಹೋದೆ. ಆ ದಿನ ಅವರು ಯಾವುದೋ ಮದುವೆಗೆ ಹೋಗಿದ್ದರು. ಅವರ ಕುರ್ಚಿಯಲ್ಲಿ ಒಬ್ಬರು ಯುವ ಡಾಕ್ಟರು ಕುಳಿತಿದ್ದರು.

"ಡಾಕ್ಟ್ರು ಫೋಟೋ ತರ್ಲಿಕ್ಕೆ ಹೇಳಿದ್ದರು. ಫಂಗಸಿನದ್ದು," ಎಂದು ಫೋನ್ ಕೊಟ್ಟೆ.

ಅವರು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಹುಬ್ಬು ಗಂಟಿಕ್ಕಿತು. "ತುಂಬ ಹಬ್ಬಿದೆಯಲ್ಲ. ಯಾವ ಭಾಗದಲ್ಲಿ?"

"ಹಿಂಭಾಗದಲ್ಲಿ. ಮೇಲಿನಿಂದ ಶುರುವಾಗಿ ಕೆಳಗೆ ಇಳಿದಿದೆ."

"ತುರಿಕೆ ಉಂಟಾ?"

ಹೆಂಡತಿಯ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. "ತುರಿಕೆ ಇಲ್ಲ. ಕೆಮ್ಮು ಉಂಟು."

ಅವರು ಚೀಟಿಯಲ್ಲಿ ಏನೋ ಬರೆದುಕೊಂಡರು. "ಆ ಜಾಗ ಯಾವಾಗಲೂ ಒದ್ದೆ ಇರ್ತದಾ?"

"ಸ್ನಾನ ಆದ ಮೇಲೆ ತುಂಬ ಹೊತ್ತು ಒದ್ದೆಯೇ."

"ಒರೆಸಿಕೊಳ್ಳುದಿಲ್ಲವಾ?"

"ನನಗೆ ಕೈ ಎಟಕುದಿಲ್ಲ ಡಾಕ್ಟ್ರೆ. ಸ್ಟೂಲು ಹತ್ತಬೇಕು."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. "ಇಷ್ಟರ ತನಕ ಎಂತ ಹಚ್ಚಿದ್ದೀರಿ?"

"ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚಿದೆ. ಮತ್ತೆ ಕಬ್ಬಿಣದ ಬ್ರಷ್ಷಿನಲ್ಲಿ ಉಜ್ಜಿದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಉಜ್ಜಿದಾಗ ಎಂತ ಆಯ್ತು?"

"ಸ್ವಲ್ಪ ಸಿಮೆಂಟ್ ಉದುರಿತು."

ಬಿಟ್ಟು ಬಾ

ಯುವ ಡಾಕ್ಟರು ನಕ್ಕು ಮುಗಿಸಿದ ಮೇಲೆ ಹೇಳಿದ ಮಾತು ಮಾತ್ರ ನಗುವಂಥದ್ದಾಗಿರಲಿಲ್ಲ. ಗೋಡೆಯದ್ದು ಹೋಗದೆ ಹೆಂಡತಿಯ ಕೆಮ್ಮು ಹೋಗುವುದಿಲ್ಲ, ಹೀಗೇ ಬಿಟ್ಟರೆ ಅದು ಉಬ್ಬಸಕ್ಕೆ ತಿರುಗಬಹುದು ಎಂದರು. ನಾನು ಮನೆಗೆ ಬಂದು ಕ್ಲಿನಿಕ್ಕಿನ ಕಥೆ ಹೇಳಿದೆ. ಹೆಂಡತಿ ನಗುತ್ತಾ ಕೆಮ್ಮಿದಳು. ಅಮ್ಮ ಮಾತ್ರ ನಗಲಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ.

ನಾವು ಜೈನರು. ಅದರಲ್ಲಿಯೂ ಅಮ್ಮ ಇರುವೆಯನ್ನು ಕಾಗದದ ತುದಿಯಲ್ಲಿ ಎತ್ತಿ ಹೊರಗೆ ಬಿಡುವವರು. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಕಾಲು ತಾಗಬಾರದೆಂದು ಸುತ್ತು ಬಳಸಿ ನಡೆಯುವವರು.

"ಮಗಾ, ಅದರಲ್ಲಿಯೂ ಜೀವ ಉಂಟು. ಲೆಕ್ಕ ಇಲ್ಲದಷ್ಟು ಜೀವ. ನೀನು ಅದಕ್ಕೆ ಬ್ಲೀಚಿಂಗ್ ಹಾಕಿದೆಯಾ?"

"ಅಮ್ಮ, ಇವಳದ್ದೂ ಒಂದು ಜೀವವೇ ಅಲ್ಲವಾ?"

ಅಮ್ಮನಿಗೆ ಸೊಸೆಯೆಂದರೆ ಪ್ರಾಣ. ಅವರು ಊಟ ಸರಿಯಾಗಿ ಮಾಡಲಿಲ್ಲ. ಒಂದು ಕಡೆ ಲೆಕ್ಕವಿಲ್ಲದ ಜೀವ, ಇನ್ನೊಂದು ಕಡೆ ಸೊಸೆ. ಮರುದಿನ ಬೆಳಿಗ್ಗೆ ದಾರಿ ಕಂಡುಕೊಂಡವರ ಹಾಗೆ ಹೇಳಿದರು: "ಕೊಲ್ಲುದು ಬೇಡ. ಮೆಲ್ಲ ಒರೆಸಿ ತೆಗೆದು ಬೇರೆ ಕಡೆ ಬಿಟ್ಟು ಬಾ."

ಬೂಷ್ಟನ್ನು ಬಿಟ್ಟು ಬರುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಅಮ್ಮನೇ ಹೇಳಿಕೊಟ್ಟರು. ಒದ್ದೆ ಬಟ್ಟೆಯಲ್ಲಿ ಅಮುಕಿ ಒರೆಸಿ, ಬಾವಿಯ ಆಚೆ ನೆರಳಲ್ಲಿ ಬಿದ್ದಿದ್ದ ತೆಂಗಿನ ಮರದ ತುಂಡಿನ ಮೇಲೆ ಆ ಬಟ್ಟೆಯನ್ನು ಮೆಲ್ಲನೆ ಒತ್ತಿ ಬಂದೆ. ಬಾಯಿಗೆ ಟವೆಲ್ ಕಟ್ಟಿಕೊಂಡು ಹೀಗೆ ಎಷ್ಟೋ ಸಲ ಹೋಗಿ ಬಂದೆ. ಅಮ್ಮ ಕೊಡೆ ಹಿಡಿದು ನಿಂತು, "ಅಲ್ಲಿ ಬೇಡ, ಬಿಸಿಲು ಬೀಳ್ತದೆ, ಇಲ್ಲಿ ಬಿಡು," ಎಂದು ಜಾಗ ತೋರಿಸುತ್ತಿದ್ದರು. ಬಾತ್‌ರೂಮಿನ ಗೋಡೆ ಸ್ವಚ್ಛವಾಯಿತು. ಎಲ್ಲರಿಗೂ ಸಮಾಧಾನವಾಯಿತು.

ಕೆಲವು ದಿನ ಭಾರೀ ಮಳೆ ಹೊಡೆಯಿತು. ಮಳೆ ಬಿಟ್ಟ ಮೇಲೆ ಅಮ್ಮ ಹೋಗಿ ಮರದ ತುಂಡನ್ನು ನೋಡಿ ಬಂದರು. ಅಲ್ಲಿ ಏನೂ ಇರಲಿಲ್ಲ, ತೊಳೆದಿಟ್ಟ ಹಾಗಿತ್ತು. ಒಳಗೆ ಬಂದು ಬಾತ್‌ರೂಮಿನ ಬಾಗಿಲು ತೆರೆದರು. ಗೀಸರಿನ ಕೆಳಗೆ ಮೊದಲಿನಷ್ಟೇ ಕಪ್ಪು.

ಅಮ್ಮ ತುಂಬ ಹೊತ್ತು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಕನಿಕರದಿಂದ ಹೇಳಿದರು: "ಪಾಪ, ದಾರಿ ನೆನಪಿಟ್ಟುಕೊಂಡು ಬಂದಿದೆ."

ಕಿಟಕಿ

ಬಂದದ್ದನ್ನು ಕೊಲ್ಲಬಾರದು, ಬಾರದ ಹಾಗೆ ಏನು ಬೇಕಾದರೂ ಮಾಡಬಹುದು ಎಂದು ಅಮ್ಮ ಅಪ್ಪಣೆ ಕೊಟ್ಟರು. ಬಾರದ ಹಾಗೆ ಏನು ಮಾಡಬೇಕೆಂದು ನಾನು ಬೆಳ್ತಂಗಡಿಯ ಬಸ್ಸಿನಲ್ಲಿ ಪಕ್ಕದವರನ್ನು ಕೇಳಿದೆ. ಅದು ತಪ್ಪಾಯಿತು. ನಮ್ಮ ಬಸ್ಸಿನಲ್ಲಿ ದಿನಾ ಹೋಗುವವರು ಅವರವರೇ. ಒಬ್ಬರನ್ನು ಕೇಳಿದರೆ ಇಡೀ ಬಸ್ಸನ್ನು ಕೇಳಿದ ಹಾಗೆ.

ಪಕ್ಕದಲ್ಲಿ ಕುಳಿತವರು ಬ್ಯಾಂಕಿನವರು. "ಕಿಟಕಿ ಯಾವಾಗಲೂ ತೆರೆದೇ ಇಡಿ. ಹಬೆ ಹೊರಗೆ ಹೋಗ್ಬೇಕು. ಗಾಳಿ ಇಲ್ಲದೆ ಬೂಷ್ಟು ಬರುದು," ಎಂದರು.

ವೇಣೂರಿನಲ್ಲಿ ಹತ್ತಿದ ಹಿರಿಯರೊಬ್ಬರು ಸೀಟು ಸಿಗುವ ಮೊದಲೇ ಮಾತಿಗೆ ಸೇರಿದರು. "ತೆರೆದಿಡುದಾ? ಎಂತ ಮಾರಾಯ್ರೆ, ಮಳೆಗಾಲದಲ್ಲಿ ಹೊರಗೆ ಇರುದು ಬರೀ ಥಂಡಿ ಗಾಳಿ. ತೆರೆದರೆ ಅದು ಒಳಗೆ ಬರ್ತದೆ. ಮುಚ್ಚಿಡಿ."

"ಮುಚ್ಚಿದರೆ ಒಳಗಿನ ಹಬೆ ಎಲ್ಲಿ ಹೋಗುದು?"

"ತೆರೆದರೆ ಹೊರಗಿನ ಥಂಡಿ ಎಲ್ಲಿ ಹೋಗುದು?"

ಇಬ್ಬರೂ ನನ್ನ ಮುಖ ನೋಡಿದರು. ನಾನು ಇಬ್ಬರಿಗೂ ಹೌದೆಂದೆ. ಹಿಂದಿನ ಸೀಟಿನಿಂದ ಒಬ್ಬರು, ಸ್ನಾನ ಮಾಡುವಾಗ ತೆರೆಯಬೇಕು, ಆದ ಮೇಲೆ ಮುಚ್ಚಬೇಕು ಎಂದರು. ಅವರ ಪಕ್ಕದಲ್ಲಿದ್ದ ನರ್ಸಮ್ಮ, ಅಲ್ಲ, ಸ್ನಾನ ಮಾಡುವಾಗ ಮುಚ್ಚಬೇಕು, ಆದ ಮೇಲೆ ತೆರೆಯಬೇಕು, ಇಲ್ಲದಿದ್ದರೆ ಬೂಷ್ಟು ಹೋದೀತು, ಮರ್ಯಾದೆಯೂ ಹೋದೀತು ಎಂದರು. ವೇಣೂರಿನ ತನಕ ತೆರೆಯುವುದು ಸರಿ ಎಂದಿತ್ತು. ಗುರುವಾಯನಕೆರೆ ತಲುಪುವಾಗ ಮುಚ್ಚುವುದು ಸರಿ ಎಂದಾಗಿತ್ತು. ಅಲ್ಲಿ ಕೆಲವರು ಇಳಿದು ಕೆಲವರು ಹತ್ತಿದ್ದರಿಂದ ಮತ್ತೆ ತೆರೆಯುವ ಪಕ್ಷಕ್ಕೆ ಬಲ ಬಂತು. ನನ್ನ ತಲೆ ಗಿರ್ರೆಂದಿತು.

ಆಗ ಜೋರು ಮಳೆ ಶುರುವಾಯಿತು. ಕಂಡಕ್ಟರ್ ನನ್ನ ಹತ್ತಿರ ಬಂದು ಭುಜ ತಟ್ಟಿ ಹೇಳಿದ: "ಸಾರ್, ಕಿಟಕಿ ಹಾಕಿ."

"ಸ್ನಾನ ಆದ ಮೇಲಾ?" ಎಂದು ಕೇಳಿದೆ.

ಬಣ್ಣಕ್ಕೆ ಏನೂ ಆಗಿಲ್ಲ

ಬಂಟ್ವಾಳದಲ್ಲಿ ನಮ್ಮ ಸಂಬಂಧಿಕರ ಮನೆಯ ಒಂದು ಪೂಜೆಗೆ ಹೋದಾಗ, ಬಿ.ಸಿ. ರೋಡಿನ ಒಂದು ಪೇಂಟ್ ಅಂಗಡಿಗೆ ಹೊಕ್ಕೆ. ಅಂಗಡಿಯವರು ನನ್ನ ಕಥೆಯನ್ನು ಅರ್ಧಕ್ಕೇ ತಡೆದು ಒಂದು ಡಬ್ಬಿ ಎದುರಿಗಿಟ್ಟರು. "ಇದು ಫಂಗಸ್ ನಿರೋಧಕ. ಕಂಪೆನಿಯ ಗ್ಯಾರಂಟಿ ಉಂಟು. ಹಚ್ಚಿ ಮರೆತುಬಿಡಿ."

ಬೂಷ್ಟನ್ನು ಮತ್ತೊಮ್ಮೆ ಬಾವಿಯ ಆಚೆ ಬಿಟ್ಟು ಬಂದು, ಪೇಂಟರನ್ನು ಕರೆಸಿ ಹಚ್ಚಿಸಿದೆ. ಗೋಡೆ ಹಾಲಿನ ಹಾಗೆ ಹೊಳೆಯಿತು. ಹೆಂಡತಿ ಕೆಮ್ಮುತ್ತಲೇ, ಚಂದ ಆಯ್ತು ಎಂದಳು. ನಾನು ಮರೆತುಬಿಟ್ಟೆ. ಬೂಷ್ಟು ಮರೆಯಲಿಲ್ಲ. ಮೊದಲು ಗೀಸರಿನ ಕೆಳಗೆ, ಮತ್ತೆ ಕಿಟಕಿಯ ಮೂಲೆಯಲ್ಲಿ, ಮತ್ತೆ ಎರಡೂ ಕಡೆಯಿಂದ ಬಂದು ನಡುವಿನಲ್ಲಿ ಕೂಡಿಕೊಂಡಿತು.

ಅಂಗಡಿಗೆ ಫೋನ್ ಮಾಡಿದೆ. ಕಂಪೆನಿಯಿಂದ ಒಬ್ಬರು ಬಂದರು. ಇಸ್ತ್ರಿ ಹಾಕಿದ ಅಂಗಿ, ಕುತ್ತಿಗೆಗೆ ಗುರುತಿನ ಚೀಟಿ, ತುಂಬ ಮರ್ಯಾದಸ್ಥರು. ಚಪ್ಪಲಿ ಕಳಚಿ ಬಾತ್‌ರೂಮಿಗೆ ಹೊಕ್ಕು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಬಣ್ಣ ಎದ್ದಿದೆಯಾ?"

"ಇಲ್ಲ."

"ಗುಳ್ಳೆ ಬಂದಿದೆಯಾ?"

"ಇಲ್ಲ."

"ಮಾಸಿದೆಯಾ?"

"ಗೊತ್ತಾಗುದಿಲ್ಲ. ಮೇಲೆ ಬೂಷ್ಟು ಉಂಟಲ್ಲ."

ಅವರು ಜೇಬಿನಿಂದ ಕರವಸ್ತ್ರ ತೆಗೆದು ಒಂದು ಕಡೆ ಉಜ್ಜಿದರು. ಅಡಿಯಿಂದ ಬಿಳಿ ಬಣ್ಣ ಹೊಳೆಯಿತು. ಅವರ ಮುಖವೂ ಹೊಳೆಯಿತು. "ನೋಡಿ, ಬಣ್ಣಕ್ಕೆ ಏನೂ ಆಗಿಲ್ಲ."

"ಆದರೆ ಫಂಗಸ್ ನಿರೋಧಕ ಅಂತ ಹೇಳಿದ್ದರು."

"ಅದನ್ನೇ ನಾನೂ ಹೇಳುದು. ಇಷ್ಟು ಫಂಗಸ್ ಕೂತರೂ ಬಣ್ಣ ಜಗ್ಗಲಿಲ್ಲ. ಬೇರೆ ಬಣ್ಣ ಆಗಿದ್ದರೆ ಇಷ್ಟರಲ್ಲಿ ಹಾಳಾಗಿ ಹೋಗ್ತಿತ್ತು."

ಅವರು ಹೇಳುವುದರಲ್ಲಿ ಎಲ್ಲೋ ತಪ್ಪುಂಟು ಎಂದು ಗೊತ್ತಾಗುತ್ತಿತ್ತು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಅವರು ಚಹಾ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು: "ಸಾರ್, ಅದನ್ನು ತೆಗೀಬೇಡಿ. ಬೂಷ್ಟು ಇದ್ದರೆ ಬಣ್ಣಕ್ಕೆ ಧೂಳು ತಾಗುದಿಲ್ಲ."

ಹೊಸ ಸಾಬೂನು

ನಮ್ಮ ಬಾತ್‌ರೂಮಿನ ಕಿಟಕಿಯ ಎದುರಿಗೆ, ಕಂಪೌಂಡಿನ ಆಚೆ, ಪಕ್ಕದ ಮನೆಯ ಅಡುಗೆ ಕೋಣೆ. ಅದು ಒಬ್ಬರು ನಿವೃತ್ತ ಟೀಚರ್ ಮತ್ತು ಅವರ ಗಂಡನ ಮನೆ. ಮನೆಯಲ್ಲಿ ಅವರು ಕೊಂಕಣಿ ಮಾತಾಡುತ್ತಾರೆ, ನಮ್ಮೊಡನೆ ಪಾಠಪುಸ್ತಕದ ಕನ್ನಡ. ಒಳ್ಳೆಯ ಜನ. ಅವರು ಮೀನು ತಿನ್ನುವವರು, ನಾವು ತಿನ್ನದವರು. ಆದರೆ ಗಾಳಿ ಯಾವಾಗಲೂ ಆಚೆಗೇ ಬೀಸುತ್ತಿದ್ದುದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಹೆಂಡತಿಯ ತವರು ವಾಮದಪದವು. ಆ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ನಮ್ಮ ಕಷ್ಟ ಕೇಳಿ, "ಅಕ್ಕ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕುವ. ಹಬೆ ಎಲ್ಲ ಹೊರಗೆ," ಎಂದ. ಕಿಟಕಿಯ ಮೇಲೆ ಗೋಡೆ ಕೊರೆದು ಫ್ಯಾನ್ ಕೂರಿಸಿ ಹೋದ. ಅದು ಚೆನ್ನಾಗಿಯೇ ತಿರುಗುತ್ತಿತ್ತು. ಬಾತ್‌ರೂಮಿನಲ್ಲಿ ತಂಪು ಗಾಳಿ ಬರುತ್ತದೆ ಎಂದು ನಾವು ಖುಷಿಪಟ್ಟೆವು. ಹೊರಗೆ ಹೋಗಬೇಕಾದ ಗಾಳಿ ಒಳಗೆ ಯಾಕೆ ಬರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಅಮ್ಮ ಸ್ನಾನಕ್ಕೆ ಹೋದರು. ಆ ಹೊತ್ತಿಗೆ ಸರಿಯಾಗಿ ಟೀಚರ್ ಕೆಂಡದ ಮೇಲೆ ಒಣಮೀನು ಸುಡುತ್ತಿದ್ದರು. ಫ್ಯಾನ್ ಉಲ್ಟಾ ಕೂತಿತ್ತು. ಆಚೆ ಅಡುಗೆ ಕೋಣೆಯ ಹೊಗೆಯನ್ನೆಲ್ಲ ಎಳೆದು ತಂದು ಅಮ್ಮನ ಮೇಲೆ ಬಿಟ್ಟಿತು.

ಅಮ್ಮ ಹೊರಗೆ ಬಂದು ಕುರ್ಚಿಯಲ್ಲಿ ಕುಳಿತರು. ಸೆರಗನ್ನು ಮೂಸಿದರು. ಕೈಯನ್ನು ಮೂಸಿದರು. ಹೆಂಡತಿಗೂ ನನಗೂ ವಾಸನೆ ಬಂದಿತ್ತು, ಹೇಳುವ ಧೈರ್ಯ ಬರಲಿಲ್ಲ. ಕೊನೆಗೆ ಅಮ್ಮನೇ ನನ್ನನ್ನು ಹತ್ತಿರ ಕರೆದರು. "ಮಗಾ, ನೀನು ಬೂಷ್ಟಿಗೆ ಅಂತ ಯಾವುದೋ ಹೊಸ ಸಾಬೂನು ತಂದದ್ದು ಕಾಣ್ತದೆ. ಒಳ್ಳೆಯದೇ ಇರಬಹುದು. ಆದರೆ ನನಗೆ ಹಳತೇ ಸಾಕು."

ಬಕೆಟ್ಟು

ಎಲೆಕ್ಟ್ರಿಷಿಯನ್ ಬಂದು ಫ್ಯಾನನ್ನು ತಿರುಗಿಸಿ ಹಾಕಿದ. ಈಗ ನಮ್ಮ ಹಬೆ ಟೀಚರ ಅಡುಗೆ ಕೋಣೆಗೆ ಹೋಗತೊಡಗಿತು. "ನಾನು ಸಾರಿಗೆ ಒಗ್ಗರಣೆ ಹಾಕಿದರೆ ಶ್ರೀಗಂಧದ ಸಾಬೂನಿನ ಪರಿಮಳ ಬರುತ್ತದೆ," ಎಂದು ಟೀಚರ್ ಕಂಪೌಂಡಿನ ಹತ್ತಿರ ನಿಂತು ಸೌಮ್ಯವಾಗಿಯೇ ಹೇಳಿದರು. ಫ್ಯಾನಿನ ಸ್ವಿಚ್ ಆಫ್ ಆಯಿತು.

ಹೆಂಡತಿಯ ತಮ್ಮ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಅಕ್ಕ ಫೋನಿನಲ್ಲಿ ಮಾತು ಮುಗಿಸಲಾಗದೆ ಕೆಮ್ಮುವುದನ್ನು ಕೇಳಿ ಅವನಿಗೆ ಕರುಳು ಚುರುಕ್ಕೆಂದಿರಬೇಕು. ಊರಿಗೆ ಬರುವ ಗೆಳೆಯನ ಕೈಯಲ್ಲಿ ಒಂದು ಮೆಶಿನ್ ಕಳುಹಿಸಿದ. ಸೂಟ್‌ಕೇಸಿನಷ್ಟು ದೊಡ್ಡದು. ಗಾಳಿಯಲ್ಲಿರುವ ತೇವವನ್ನು ಎಳೆದು ನೀರು ಮಾಡಿ ಪೈಪಿನಲ್ಲಿ ಹೊರಗೆ ಬಿಡುತ್ತದಂತೆ.

ನಾನು ಅದನ್ನು ಬಾತ್‌ರೂಮಿನಲ್ಲಿಟ್ಟು, ಪೈಪಿನ ಕೆಳಗೆ ಬಕೆಟ್ ಇಟ್ಟೆ. ಬಸ್ಸಿನ ತೀರ್ಮಾನ ಕೊನೆಗೆ ತೆರೆದಿಡುವ ಕಡೆಗೇ ವಾಲಿದ್ದರಿಂದ ಕಿಟಕಿಯನ್ನು ಪೂರ್ತಿ ತೆರೆದಿಟ್ಟೆ. ಬಾಗಿಲನ್ನೂ ಇಟ್ಟಿಗೆ ಒತ್ತಿ ತೆರೆದಿಟ್ಟೆ. ಮೆಶಿನ್ ಗೊರ್ರೆಂದು ನಡೆಯತೊಡಗಿತು. ಬಕೆಟ್ ತುಂಬಿತು. ಚೆಲ್ಲಿ ಇಟ್ಟೆ, ಮತ್ತೆ ತುಂಬಿತು. ಬರೀ ಗಾಳಿಯಿಂದ ಇಷ್ಟು ನೀರಾ ಎಂದು ಅಮ್ಮ ಬೆರಗಾದರು. ನಾವು ಆ ನೀರನ್ನು ಮಲ್ಲಿಗೆ ಗಿಡಕ್ಕೆ ಹಾಕಿದೆವು. ಆದರೆ ಗೋಡೆ ಮಾತ್ರ ಮೊದಲಿನ ಹಾಗೇ ಒದ್ದೆ.

ಹೆಂಡತಿಯ ತಮ್ಮ ವಿಡಿಯೋ ಕಾಲ್ ಮಾಡಿದಾಗ ನಾನು ಹೆಮ್ಮೆಯಿಂದ ಹೇಳಿದೆ, "ಭಾರೀ ಮೆಶಿನ್ ಮಾರಾಯ. ಬಕೆಟ್ ಚೆಲ್ಲಿ ಚೆಲ್ಲಿ ನನ್ನ ಸೊಂಟ ಹೋಯ್ತು."

"ಬಕೆಟ್ಟಾ? ಅಷ್ಟು ಸಣ್ಣ ಕೋಣೆಯಲ್ಲಿ ಅಷ್ಟು ನೀರು ಎಲ್ಲಿಂದ? ಒಮ್ಮೆ ತೋರಿಸಿ ನೋಡುವ."

ನಾನು ಫೋನನ್ನು ತಿರುಗಿಸಿದೆ. ಹೊರಗೆ ಧೋ ಎಂದು ಮಳೆ. ಕಿಟಕಿಯಿಂದ ಎರಚಲು ಒಳಗೆ ಬೀಳುತ್ತಿತ್ತು.

"ಭಾವ," ಎಂದ. "ನೀವು ಒಣಗಿಸ್ತಾ ಇರುದು ಬಾತ್‌ರೂಮನ್ನಾ, ಇಡೀ ಮೂಡುಬಿದಿರೆಯನ್ನಾ?"

ಜಾಗ ಬೇಕು

ಕಿಟಕಿ ಬಾಗಿಲು ಮುಚ್ಚಿದ ಮೇಲೆ ಮೆಶಿನ್ ನಿಜವಾಗಿ ಕೆಲಸ ಮಾಡಿತು. ಇದ್ದ ಬೂಷ್ಟನ್ನು ಒರೆಸಿ ಆಚೆ ಬಿಟ್ಟೆ, ಹೊಸತು ಬರಲಿಲ್ಲ. ಗೋಡೆ ಒಣಗಿತು, ನೆಲ ಒಣಗಿತು. ಹೆಂಡತಿಯ ಕೆಮ್ಮು ಕಮ್ಮಿಯಾಗುತ್ತಾ ಬಂತು. ಒಂದು ದಿನ ಅವಳು ನನ್ನನ್ನು ಬೈಯಲು ಶುರು ಮಾಡಿ, ನಡುವೆ ಎಲ್ಲಿಯೂ ನಿಲ್ಲಿಸದೆ ಮುಗಿಸಿದಳು. ನಾನು ಅಡುಗೆ ಕೋಣೆಯಿಂದ ಹೊರಗೆ ಬಂದು ಒಬ್ಬನೇ ನಿಂತು ಕಣ್ಣೊರೆಸಿಕೊಂಡೆ.

ತೊಂದರೆ ಒಂದೇ. ಯಾರಾದರೂ ಸ್ನಾನ ಮಾಡಿದರೆ ಮತ್ತೆ ಎಲ್ಲ ಒದ್ದೆ. "ಪೂರ್ತಿ ಒಣಗ್ಲಿ. ಸ್ವಲ್ಪ ದಿನ ಒಳಗೆ ಯಾರೂ ಸ್ನಾನ ಮಾಡುದು ಬೇಡ," ಎಂದು ಹೆಂಡತಿ ಬಾತ್‌ರೂಮಿಗೆ ಕಾವಲು ಕುಳಿತಳು. ಹಿತ್ತಲಿನ ಬಚ್ಚಲನ್ನು ಕೆಡವಿ ಆಗಿತ್ತು. ಸಂಗತಿ ತಿಳಿದು ಟೀಚರ್, "ನಮ್ಮ ಬಾತ್‌ರೂಮ್ ಇದೆಯಲ್ಲ, ಸಂಕೋಚಪಡಬೇಡಿ," ಎಂದರು. ನಾವು ಟವೆಲ್ ಹೆಗಲಿಗೆ ಹಾಕಿಕೊಂಡು ಒಬ್ಬರ ಹಿಂದೆ ಒಬ್ಬರು ಅವರ ಮನೆಗೆ ಹೋಗತೊಡಗಿದೆವು.

ಅದಕ್ಕೆ ಪ್ರತಿಯಾಗಿ ಹೆಂಡತಿ, "ಟೀಚರ್, ನಿಮ್ಮ ಒದ್ದೆ ಬಟ್ಟೆ ತನ್ನಿ, ನಮ್ಮಲ್ಲಿ ಒಣಗ್ತದೆ," ಎಂದಳು. ಆಷಾಢದ ಮಳೆಯಲ್ಲಿ ಬಟ್ಟೆ ಒಣಗುವ ಜಾಗ ಸಿಗುವುದೆಂದರೆ ಸಣ್ಣ ಮಾತಲ್ಲ. ಟೀಚರ್ ಬುಟ್ಟಿಗಟ್ಟಲೆ ತಂದರು. ಬಾತ್‌ರೂಮಿನಲ್ಲಿ ಅಡ್ಡಡ್ಡ ಹಗ್ಗ ಕಟ್ಟಿದೆವು. ಆಮೇಲೆ, ಬೇಸಿಗೆಯಲ್ಲಿ ಮಾಡಿಟ್ಟು ಮೆತ್ತಗಾದ ಹಲಸಿನ ಹಪ್ಪಳದ ವಿಚಾರ ಬಂತು. ಬಾತ್‌ರೂಮಿನಲ್ಲಿ ಹಪ್ಪಳ ಒಣಗಿಸಲು ಅಮ್ಮ ಒಪ್ಪಲಿಕ್ಕಿಲ್ಲ ಎಂದು ನಾವು ಹೆದರಿದ್ದೆವು. ಅಮ್ಮ ಶಾಂತವಾಗಿ ಹೇಳಿದರು: "ಸ್ನಾನ ಮಾಡಿದರೆ ಅಲ್ಲವಾ ಅದು ಬಚ್ಚಲು? ಈಗ ಯಾರೂ ಮಾಡುದಿಲ್ಲವಲ್ಲ. ಅದು ಕೋಣೆ." ಕೋಣೆಯಲ್ಲಿ ಚಾಪೆ ಹಾಸಿ ಹಪ್ಪಳ ಹರಡಿದೆವು.

ಹೀಗಿರುವಾಗ ಹೆಂಡತಿಯ ತಮ್ಮ ರಜೆಯಲ್ಲಿ ಬಂದ. ವಿಮಾನ ಇಳಿದು ನೇರ ನಮ್ಮ ಮನೆಗೇ ಬಂದಿದ್ದ. "ಅಕ್ಕ, ಮೊದಲು ಒಂದು ಸ್ನಾನ ಆಗ್ಬೇಕು," ಎಂದು ಬಾತ್‌ರೂಮಿನ ಬಾಗಿಲು ತೆರೆದ. ಸಾಲು ಸಾಲು ಸೀರೆ, ಪಂಚೆ, ಟೀಚರ ಗಂಡನ ಬನಿಯನ್, ನೆಲದ ತುಂಬ ಹಪ್ಪಳ, ನಡುವಿನಲ್ಲಿ ಅವನು ಕಳುಹಿಸಿದ ಮೆಶಿನ್ನು. ಅವನು ಒಂದು ಕಾಲು ಎತ್ತಿದವ ಎಲ್ಲಿ ಇಡುವುದೆಂದು ತಿಳಿಯದೆ ಹಾಗೇ ನಿಂತ.

"ಮೆಟ್ಟಬೇಡ. ಸ್ನಾನ ಪಕ್ಕದ ಮನೆಯಲ್ಲಿ," ಎಂದಳು ಹೆಂಡತಿ. ಪಾಪ, ದುಬೈಯಿಂದ ಬಂದವ ಟವೆಲ್ ಹಿಡಿದುಕೊಂಡು ಮಳೆಯಲ್ಲಿ ಟೀಚರ ಮನೆಗೆ ಹೋದ.

ವಾಪಸು ಬಂದು ಅವನು ತಲೆ ಒರೆಸುತ್ತಾ ಹೇಳಿದ: "ಭಾವ, ಅವರ ಬಾತ್‌ರೂಮಿನ ಮೂಲೆಯಲ್ಲಿ ಕಪ್ಪು ಕಪ್ಪು ಚುಕ್ಕೆ ಬಂದಿದೆ. ನೀವು ಹೇಳ್ತಾ ಇದ್ದದ್ದು ಅದೇಯಾ?"

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅವರ ಬಾತ್‌ರೂಮಿನಲ್ಲಿ ಇಬ್ಬರು ಸ್ನಾನ ಮಾಡುವ ಜಾಗದಲ್ಲಿ ಐವರು ಮಾಡುತ್ತಿದ್ದೆವು. ಅಷ್ಟರಲ್ಲಿ ಟೀಚರ್ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಒಳಗೆ ಬಂದರು. ಹೆಂಡತಿ ನಾಚಿಕೆಯಿಂದಲೇ ಮಾತು ತೆಗೆದಳು.

"ಟೀಚರ್, ನಿಮ್ಮ ಗೋಡೆಗೆ ಬೂಷ್ಟು ಬಂದದ್ದು ನಮ್ಮಿಂದ. ಈ ಮೆಶಿನ್ ಈಗಲೇ ನಿಮ್ಮಲ್ಲಿಗೆ ತೆಗೆದುಕೊಂಡು ಹೋಗಿ."

ಟೀಚರ್ ಬುಟ್ಟಿ ಕೆಳಗಿಟ್ಟು ಯೋಚಿಸಿದರು. "ಇದು ನಮ್ಮಲ್ಲಿಗೆ ಬಂದರೆ ನಮ್ಮ ಬಟ್ಟೆ ಎಲ್ಲಿ ಒಣಗಿಸುವುದು?"

"ನಿಮ್ಮ ಬಾತ್‌ರೂಮಿನಲ್ಲಿಯೇ ಒಣಗಿಸ್ಬಹುದು."

"ಹಾಗಾದರೆ ನಾವು ಸ್ನಾನ ಎಲ್ಲಿ ಮಾಡುವುದು?"

"ನಮ್ಮಲ್ಲಿ ಮಾಡಿ."

"ಎಲ್ಲರೂ ಇಲ್ಲಿ ಮಾಡಿದರೆ ಇಲ್ಲಿ ಮತ್ತೆ ಬೂಷ್ಟು ಬರುವುದಿಲ್ಲವೇ?"

"ಬರ್ತದೆ."

"ಬಂದರೆ?"

"ಮೆಶಿನ್ ಇಲ್ಲಿಗೆ ತರಬೇಕು."

ಟೀಚರ್ ಬುಟ್ಟಿಯಿಂದ ಗಂಡನ ಪ್ಯಾಂಟ್ ಎತ್ತಿ ಕೊಡವಿದರು.

"ಬೂಷ್ಟು ಅಲ್ಲಿಯೇ ಇರಲಿ," ಎಂದರು. "ನೀವು ಈ ಹಪ್ಪಳವನ್ನು ಒಂದಿಷ್ಟು ಆಚೆ ಸರಿಸಿ, ಪ್ಯಾಂಟಿಗೆ ಜಾಗ ಬೇಕು."